ಹದಿನಾಲ್ಕರ ಒಳಗಿನ ಜೋಡಿ

ಜುಮೇರಾ ಲೇಕ್ ಟವರ್ಸ್, ದುಬೈ
12 ನವೆಂಬರ್ 2024

ಪ್ರೀತಿಯ ಅಣ್ಣ,

ಫೋನ್ ಮಾಡುವುದು ಬಿಟ್ಟು ಇಮೇಲಿನಲ್ಲಿ ಇಷ್ಟುದ್ದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನಾವಿಬ್ಬರೂ ತುಳುವಿನಲ್ಲಿ ಶುರು ಮಾಡುತ್ತೇವೆ, ಐದನೇ ನಿಮಿಷಕ್ಕೆ ಜಗಳ. ಕನ್ನಡದಲ್ಲಿ ಬರೆಯುವಾಗ ಮಾತ್ರ ಮೇಷ್ಟ್ರ ಎದುರು ಕೂತವರ ಹಾಗೆ ಮರ್ಯಾದೆಯಿಂದ ಇರುತ್ತೇವೆ. ಹಾಗಾಗಿ ಈ ಕೆಲಸ ಮುಗಿಯುವವರೆಗೆ ಕಾಗದವೇ ಆಗಲಿ.

ನಮ್ಮ ಕರಾವಳಿ ಕೂಟದವರು ಮಕ್ಕಳಿಗೊಂದು ಪ್ಯಾಡಲ್ ಟೂರ್ನಮೆಂಟ್, ಅದೇ ಗಾಜಿನ ಗೋಡೆಗಳ ನಡುವೆ ಆಡುವ ಟೆನಿಸಿನಂಥ ಆಟದ್ದು, ಮಾಡಬೇಕೆಂದು ನಿಶ್ಚಯಿಸಿದ್ದಾರೆ. "ಯಾರು ನೋಡಿಕೊಳ್ತೀರಿ?" ಎಂದು ಕಾರ್ಯದರ್ಶಿ ಶಾಮಸುಂದರ್ ಕೇಳಿದಾಗ ಎಲ್ಲರೂ ಸಮೋಸದ ತಟ್ಟೆ ನೋಡಿದರು. ತಲೆಯೆತ್ತಿದ್ದವಳು ನಾನೊಬ್ಬಳೇ. ಖಲಾಸ್, ನನ್ನ ಕುತ್ತಿಗೆಗೆ ಬಿತ್ತು.

ಜನವರಿ 25, ಶನಿವಾರ. ಜೆಬೆಲ್ ಅಲಿಯಲ್ಲಿ ಹಿಂದೆ ಗೋದಾಮಾಗಿದ್ದ ಕಟ್ಟಡದೊಳಗೆ ನಾಲ್ಕು ಕೋರ್ಟುಗಳಿವೆ. ಹನ್ನೆರಡರ ಒಳಗಿನವರು, ಹದಿನಾಲ್ಕರ ಒಳಗಿನವರು, ಹದಿನಾರರ ಒಳಗಿನವರು ಎಂದು ಮೂರು ಗುಂಪು. ನಿನ್ನೆ ಜಾಗ ನೋಡಲು ಹೋಗಿದ್ದೆ. ಖಾಲಿ ಗೋದಾಮು, ಮಾಡಿನ ಸಂದಿಯಿಂದ ಇಳಿದ ಬಿಸಿಲು, ಅದರ ಕೆಳಗೆ ನಾಲ್ಕು ಗಾಜಿನ ಮನೆಗಳು, ಒಳಗೆ ನೀಲಿ ನೆಲ. ಯಾರೋ ಸಮುದ್ರವನ್ನು ಕತ್ತರಿಸಿ ತಂದು ಒಣಗಲು ಹಾಸಿದಂತಿತ್ತು. ಒಂದು ಸುತ್ತು ನಡೆದು ಬಂದೆ.

ಅಬುಧಾಬಿಯ ಮಕ್ಕಳನ್ನು ಒಟ್ಟುಮಾಡಿ ಕರೆತರುವುದು ನಿನ್ನ ಕೆಲಸ. ಈ ಆಟವನ್ನು ಒಬ್ಬರೇ ಆಡುವಂತಿಲ್ಲ, ಒಂದು ಕಡೆಗೆ ಇಬ್ಬರು ಬೇಕೇಬೇಕು. ಆದ್ದರಿಂದ ಜೋಡಿಯಾಗಿಯೇ ಹೆಸರು ಕೊಡಿಸು. ಮೊದಲ ಫಾರ್ಮನ್ನು ನಾನೇ ತುಂಬಿಟ್ಟಿದ್ದೇನೆ: ನನ್ನ ಅಕ್ಷಿತಾ, ನಿನ್ನ ಸುಮಿತ್. ಎಂಟು ವರ್ಷದವರಿದ್ದಾಗಿನಿಂದ ಒಟ್ಟಿಗೆ ಆಡುತ್ತಿರುವವರು. ಈಗ ಇಬ್ಬರಿಗೂ ಹದಿಮೂರು ವರ್ಷ, ಹದಿನಾಲ್ಕರ ಒಳಗಿನ ಗುಂಪಿಗೆ ಇದೇ ಕೊನೆಯ ವರ್ಷ. ನಿಜ ಹೇಳಲಾ? ಅವರಿಬ್ಬರೂ ಒಂದೇ ಕಡೆ ನಿಂತು ಆಡುವುದನ್ನು ನೋಡುವ ಆಸೆಗೇ ನಾನು ಈ ಕೆಲಸ ಹೊತ್ತುಕೊಂಡದ್ದು.

ದೀಪಾವಳಿಗೆ ನಿಮ್ಮಲ್ಲಿಂದ ಬಂದ ಮೇಲೆ ಅಕ್ಷಿತಾ ಸ್ವಲ್ಪ ಮಂಕಾಗಿದ್ದಾಳೆ. ಹಲ್ಲಿಗೆ ಹೊಸ ಕ್ಲಿಪ್ ಹಾಕಿಸಿದ್ದೇವೆ, ಅದರ ನೋವಿರಬೇಕು. ರಾಜೀವಿ ಅತ್ತಿಗೆಗೆ ನೆನಪು ಹೇಳು.

ನಿನ್ನ
ಶಮ್ಮು


ಮುಸಾಫಾ, ಅಬುಧಾಬಿ
17 ನವೆಂಬರ್ 2024

ಪ್ರೀತಿಯ ಶಮ್ಮು,

ಕಾಗದದಲ್ಲಾದರೂ ನಿನಗೆ ಮರ್ಯಾದೆ ಬಂತಲ್ಲ, ನನ್ನ ಪುಣ್ಯ! ಅಬುಧಾಬಿಯ ಮಕ್ಕಳ ಚಿಂತೆ ಬಿಡು. ದಿನಾ ನಾನೂರು ಅಲ್ಯೂಮಿನಿಯಂ ಕಿಟಕಿ ಸಾಗಿಸುವವನಿಗೆ ಹದಿನೆಂಟು ಮಕ್ಕಳು ಯಾವ ಲೆಕ್ಕ? ಬಸ್ಸು ಮಾತಾಡಿಯಾಯಿತು.

ಒಂದು ಕನಸು ಹೇಳುತ್ತೇನೆ, ನಗಬೇಡ. ನಿನ್ನೆ ಮಧ್ಯಾಹ್ನ ಉಂಡು ಮಲಗಿದ್ದೆ. ಪ್ಯಾಡಲ್ ಕೋರ್ಟೊಂದು ಸಮುದ್ರದ ಮೇಲೆ ತೇಲುತ್ತಿತ್ತು. ದುಬೈಯೂ ಅಲ್ಲ, ಅಬುಧಾಬಿಯೂ ಅಲ್ಲ, ನಡುವೆ ಎಲ್ಲೋ. ನಾಲ್ಕೂ ಕಡೆ ಗಾಜು, ಗಾಜಿನಾಚೆ ಹಸಿರು ನೀರು. ಮೀನುಗಳು ಬಂದು ಸ್ವಲ್ಪ ಹೊತ್ತು ಆಟ ನೋಡಿ ಹೋಗುತ್ತಿದ್ದವು. ಒಳಗೆ ನಮ್ಮ ಅಕ್ಷಿತಾ, ಸುಮಿತ್. ಎದುರಿಗೆ ಯಾರೂ ಇರಲಿಲ್ಲ, ಆದರೂ ಚೆಂಡು ವಾಪಸ್ ಬರುತ್ತಲೇ ಇತ್ತು. ನಾನು ದೋಣಿಯಲ್ಲಿ ಕೂತು ಏನೋ ಕೂಗಿದೆ, ಅವರಿಗೆ ಕೇಳಿಸಲಿಲ್ಲ. ಎದ್ದಾಗ ಮಸೀದಿಯಲ್ಲಿ ಅಸರಿನ ಬಾಂಗ್ ಕೂಗುತ್ತಿತ್ತು. ಯಾವ ಊರಿನಲ್ಲಿದ್ದೇನೆಂದು ತಿಳಿಯಲು ಎರಡು ನಿಮಿಷ ಬೇಕಾಯಿತು.

ಜೋಡಿ ಎಂದರೆ ಅದೇ ಜೋಡಿ, ಬಿಡು! ದೀಪಾವಳಿ ದಿನ ನಾನು ಕರೋಕೆ ಮೈಕ್ ಹಿಡಿದು ಹೇಳಿದ್ದು ನೆನಪುಂಟಲ್ಲ? "ಇವರ ಜೋಡಿ ಹುಟ್ಟಿದಾಗಲೇ ನಿಶ್ಚಯ ಆಗಿದೆ, ಇನ್ನು ಭಟ್ಟರು ಬರುವುದೊಂದು ಬಾಕಿ" ಅಂತ. ಆ ವಿಡಿಯೋ ಕೂಟದ ಗ್ರೂಪಿಗೆ ಹಾಕಿದ್ದೆ, ಎಷ್ಟು ಜನ ನಕ್ಕಿದ್ದಾರೆ ನೋಡು. ಬ್ಯಾನರಿಗೂ ಅವರಿಬ್ಬರ ಫೋಟೋವನ್ನೇ ಹಾಕಿಸುವ.

ಸುಮಿತ್ ಚೆನ್ನಾಗಿದ್ದಾನೆ. ಕಟ್ಟಡದ ಹಿಂದಿನ ಗೋಡೆಗೆ ಚೆಂಡು ಬಡಿದು ಅಭ್ಯಾಸ ಮಾಡುತ್ತಾನೆ. ಹಲ್ಲುನೋವಿಗೆ ಅಕ್ಷಿತಾಳಿಗೆ ಐಸ್‌ಕ್ರೀಮ್ ಕೊಡು, ಸೋದರಮಾವನ ಆಜ್ಞೆ.

ನಿನ್ನ
ಅಣ್ಣ


ದುಬೈ
3 ಡಿಸೆಂಬರ್ 2024

ಅಣ್ಣ,

ರಾಷ್ಟ್ರೀಯ ದಿನದ ರಜೆ. ಕೆಳಗೆ ಕಾರುಗಳೆಲ್ಲ ಧ್ವಜ ಹೊದ್ದು ಓಡಾಡುತ್ತಿವೆ. ನನ್ನ ಮನೆಯಲ್ಲಿ ಮಾತ್ರ ಹಬ್ಬವಿಲ್ಲ.

ನಿನ್ನೆ ಬೆಳಿಗ್ಗೆ ನೀರುದೋಸೆಯ ತಟ್ಟೆಯ ಪಕ್ಕ ಅಕ್ಷಿತಾ ಒಂದು ಫಾರ್ಮು ಇಟ್ಟಳು. ಅವಳೇ ತುಂಬಿದ್ದು. ಅಕ್ಷಿತಾ ಮತ್ತು ನಾಫಿಯಾ. ನಾಫಿಯಾ ಅವಳ ತರಗತಿಯ ಹುಡುಗಿ, ಒಳ್ಳೆಯವಳೇ. "ಸುಮಿತ್ ಎಲ್ಲಿ?" ಎಂದೆ. "ಐ ಆಮ್ ನಾಟ್ ಪ್ಲೇಯಿಂಗ್ ವಿತ್ ಹಿಮ್." "ಯಾಕೆ ಮಗಾ?" "ಜಸ್ಟ್ ನಾಟ್, ಅಮ್ಮ." ಅಷ್ಟೇ. ಬಾಗಿಲು ಹಾಕಿಕೊಂಡಳು. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಹೋಗಿದ್ದಾಳೆ. ಅದು ಆಗಿ ಒಂದು ತಿಂಗಳಾಯಿತಂತೆ, ನನಗೆ ತಿಳಿದದ್ದು ಇವತ್ತು.

ಸುಮಿತನ ಹೆಸರೆತ್ತಿದರೆ ಅವಳ ಮುಖ ಕೆಂಪಾಗುತ್ತದೆ. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಬೇಡ. ಅವನು ಏನಾದರೂ ಅಂದನಾ? ಏನಾದರೂ ಕಳಿಸಿದನಾ? ಈ ವಯಸ್ಸಿನ ಗಂಡುಮಕ್ಕಳು ಫೋನಿನಲ್ಲಿ ಏನೇನೋ ಕಳಿಸುತ್ತಾರೆಂದು ಶಾಲೆಯ ಮೀಟಿಂಗಿನಲ್ಲಿ ಹೇಳಿದ್ದರು. ಅವನ ಫೋನ್ ಒಮ್ಮೆ ನೋಡು. ನನಗೆ ಬೇರೇನೂ ತೋಚುವುದಿಲ್ಲ.

ಶರ್ಮಿಳಾ


ಅಬುಧಾಬಿ
14 ಡಿಸೆಂಬರ್ 2024

ಶರ್ಮಿಳಾ,

ನೋಡಿದೆ. ನೀನು ಹೇಳಿದೆಯೆಂದು ಮಗನ ಕೈಯಿಂದ ಫೋನ್ ಕಿತ್ತುಕೊಂಡು, ಅವನನ್ನು ಎದುರಿಗೆ ನಿಲ್ಲಿಸಿ ನೋಡಿದೆ.

ನವೆಂಬರ್ ಮೂರರಿಂದ ಅವನು ಅಕ್ಷಿತಾಳಿಗೆ ಹನ್ನೊಂದು ಮೆಸೇಜ್ ಕಳಿಸಿದ್ದಾನೆ. ಪ್ರಾಕ್ಟೀಸ್ ಯಾವಾಗ, ಹುಷಾರಿದ್ದೀಯಾ, ನಾನೇನು ಮಾಡಿದೆ, ಇಷ್ಟೇ. ಒಂದಕ್ಕೂ ಉತ್ತರವಿಲ್ಲ. ಹನ್ನೊಂದನೆಯದರಲ್ಲಿ ಮಾತೇ ಇಲ್ಲ, ಬರೀ ಒಂದು ಚೆಂಡಿನ ಚಿತ್ರ. ನಾನು ಓದಿ ಮುಗಿಸುವವರೆಗೆ ಅವನು ನೆಲ ನೋಡುತ್ತ ನಿಂತಿದ್ದ.

ನನ್ನ ಮಗನ ಮೇಲೆ ನೀನು ಸಂಶಯಪಟ್ಟೆ. ಎತ್ತಿ ಆಡಿಸಿದ ಅತ್ತೆ ನೀನು. ನಿನ್ನ ಮಾತು ಕೇಳಿ ನಾನೂ ಪಟ್ಟೆ, ಅದು ಇನ್ನೂ ನಾಚಿಕೆ.

ಅಬುಧಾಬಿಯ ಮಕ್ಕಳ ಪಟ್ಟಿ ಇದರ ಜೊತೆಗಿದೆ. ಸುಮಿತನ ಹೆಸರು ತೆಗೆದಿದ್ದೇನೆ. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ.

ಪೃಥ್ವಿರಾಜ್


ದುಬೈ
16 ಡಿಸೆಂಬರ್ 2024

ಶ್ರೀ ಪೃಥ್ವಿರಾಜ್ ಅವರಿಗೆ,

ತಮ್ಮ ಪಟ್ಟಿ ತಲುಪಿದೆ. ಹೆಸರು ಸೇರಿಸಲು ಜನವರಿ 10 ಕೊನೆಯ ದಿನ. ಜೋಡಿ ಇಲ್ಲದ ಆಟಗಾರರನ್ನು ಸೇರಿಸಿಕೊಳ್ಳಲು ಅವಕಾಶವಿಲ್ಲ. ಬ್ಯಾನರಿನಲ್ಲಿ ಯಾವ ಮಕ್ಕಳ ಫೋಟೋವೂ ಇರುವುದಿಲ್ಲ.

ಇಂತಿ,
ಸಂಚಾಲಕಿ

ಕ್ರಿಸ್‌ಮಸ್ ರಜೆಗೆ ನೀವೆಲ್ಲ ಬರುತ್ತೀರೆಂದು ಪುಂಡಿ ಕಡುಬಿಗೆ ಕುಚ್ಚಲಕ್ಕಿ ತಂದಿಟ್ಟಿದ್ದೆ. ಹಾಗೇ ಇದೆ.


ಅಬುಧಾಬಿ
5 ಜನವರಿ 2025

ಶಮ್ಮು,

ಇವತ್ತು ಬೆಳಿಗ್ಗೆ ಇಲ್ಲಿ ಎಂಥ ಮಂಜು ಗೊತ್ತಾ? ಸುಮಿತನ ಬೂಟು ಹರಿದಿತ್ತು, ಹೊಸದು ಕೊಡಿಸಲು ದುಬೈ ಕಡೆ ಹೊರಟೆವು. ಆಡುವುದಿಲ್ಲ ಎಂದಮೇಲೆ ಬೂಟು ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ದಾರಿಯಲ್ಲಿ ಎಂಬತ್ತರ ಮೇಲೆ ಹೋಗಬೇಡಿ ಎಂದು ಫಲಕಗಳು ಮಿನುಗುತ್ತಿದ್ದವು. ಸ್ವಲ್ಪ ದೂರ ಹೋದಮೇಲೆ ಫಲಕಗಳೂ ಕಾಣಲಿಲ್ಲ. ಭೂಮಿಯೇ ಕರಗಿ ಹಾಲಾಗಿತ್ತು. ಪೆಟ್ರೋಲ್ ಪಂಪಿನ ಪಕ್ಕ ಕಾರು ನಿಲ್ಲಿಸಿ, ಎರಡು ಕರಕ್ ಚಹಾ ತಂದು, ಮಂಜು ಹೋಗಲಿ ಎಂದು ಕೂತೆವು. ಆಚೀಚೆ ಏನೂ ಇರಲಿಲ್ಲ, ಲೋಕದಲ್ಲಿ ನಾವಿಬ್ಬರೇ ಉಳಿದಂತೆ.

ಮುಖ ಕಾಣದಿದ್ದರೆ ಮಾತು ಸುಲಭವೋ ಏನೋ. ಅವನು ಗಾಜಿನ ಕಡೆ ತಿರುಗಿಕೊಂಡೇ ಹೇಳಿದ: "ಡ್ಯಾಡಿ, ಶಿ ಈಸ್ ಮೈ ಬೆಸ್ಟ್ ಫ್ರೆಂಡ್. ಮೈಕಲ್ಲಿ ಹಾಗೆ ಹೇಳಿದ್ದು ನೀವು. ವಿಡಿಯೋ ಹಾಕಿದ್ದು ನೀವು. ಕೂಟದ ಮಕ್ಕಳು ಅದನ್ನು ಸ್ಕೂಲಲ್ಲೂ ತೋರಿಸಿದ್ರು. ಅವಳ ಕ್ಲಾಸಲ್ಲಿ ಎಲ್ಲ ಅವಳನ್ನು ಮಿಸೆಸ್ ಸುಮಿತ್ ಅಂತಾರೆ. ನಾಫಿಯಾ ಟೋಲ್ಡ್ ಮಿ. ಅವಳು ನನ್ನ ಜೊತೆ ಹೇಗೆ ಆಡ್ತಾಳೆ?"

ಚಹಾದ ಲೋಟ ಕೆಳಗಿಟ್ಟೆ ಮಾರಾಯ್ತಿ. ನಾವು ಆ ಹುಡುಗನ ಫೋನಿನಲ್ಲಿ ಹುಡುಕಿದ್ದು ನನ್ನ ಬಾಯಲ್ಲಿತ್ತು.

ನಮ್ಮಲ್ಲಿ ಅಣ್ಣನ ಮಗ, ತಂಗಿಯ ಮಗಳು ಎಂದರೆ ಸಂಬಂಧ ಕೂಡುವವರು. ಈಗ ಯಾರೂ ಅಂಥ ಮದುವೆ ಮಾಡುವುದಿಲ್ಲ, ಮಾಡಬಾರದೆಂದು ನಾನೇ ನಾಲ್ಕು ಜನರ ಮುಂದೆ ಮಾತಾಡಿದ್ದೇನೆ. ಮದುವೆ ಬಿಟ್ಟೆವು, ತಮಾಷೆ ಬಿಡಲಿಲ್ಲ. ತೊಟ್ಟಿಲಿನಿಂದಲೇ ಶುರು ಮಾಡುತ್ತೇವೆ. ಅದು ಪ್ರೀತಿಯೆಂದೇ ನಾನು ತಿಳಿದಿದ್ದೆ. ಇಲ್ಲಿ ಹುಟ್ಟಿದ ಮಕ್ಕಳು ಅದನ್ನು ಹೇಗೆ ಹೊರಬೇಕು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಇನ್ನೊಂದು. ಸುಮಿತ್ ಚೆನ್ನಾಗಿದ್ದಾನೆ ಎಂದು ನವೆಂಬರಿನಲ್ಲಿ ಬರೆದಿದ್ದೆನಲ್ಲ, ಸುಳ್ಳು. ದೀಪಾವಳಿಯಿಂದ ಅವನು ನನ್ನ ಜೊತೆ ಊಟಕ್ಕೆ ಕೂತಿರಲಿಲ್ಲ. ವಯಸ್ಸು ಎಂದುಕೊಂಡು ನಿನಗೆ ಹೇಳಲಿಲ್ಲ. ವಿಡಿಯೋ ತೆಗೆದುಹಾಕಿದ್ದೇನೆ. ಅಕ್ಷಿತಾಳ ಹತ್ತಿರ ಏನು ಹೇಳಬೇಕೆಂದು ನೀನೇ ಹೇಳು, ನನಗೆ ಗೊತ್ತಾಗುತ್ತಿಲ್ಲ.

ಅಣ್ಣ


ದುಬೈ
8 ಜನವರಿ 2025

ಪ್ರೀತಿಯ ಅಣ್ಣ,

ನೀನೊಬ್ಬನೇ ಅಲ್ಲ. ನೀನು ಮರೆತಿದ್ದೀಯ, ನಾನು ಮರೆತಿರಲಿಲ್ಲ. ಮೈಕಿನಲ್ಲಿ ನೀನು ಹಾಗೆಂದಾಗ ಅಡುಗೆಮನೆಯಿಂದ "ಹಾಲ್ ಈಗಲೇ ಬುಕ್ ಮಾಡಿಬಿಡಿ, ಮತ್ತೆ ಸಿಗುವುದಿಲ್ಲ!" ಎಂದು ಕೂಗಿದವಳು ನಾನು. ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಇಷ್ಟು ದಿನ ನಿನ್ನ ಮಗನ ಕಡೆ ಬೆರಳು ತೋರಿಸುವುದು ಸುಲಭವಾಗಿತ್ತು. ಸುಮಿತನ ಕ್ಷಮೆ ಕೇಳಬೇಕು ನಾನು. ಕೇಳುತ್ತೇನೆ.

ಅಕ್ಷಿತಾಳನ್ನು ಕೆರೆಯ ಸುತ್ತ ನಡೆಯಲು ಕರೆದುಕೊಂಡು ಹೋದೆ. ಸಂಜೆಯ ಹೊತ್ತು ಟವರುಗಳೆಲ್ಲ ನೀರಿನೊಳಗೆ ತಲೆಕೆಳಗಾಗಿ ನಿಂತು ಅಲುಗಾಡುತ್ತವಲ್ಲ, ಅದನ್ನು ನೋಡುತ್ತ ಮೂರು ಸುತ್ತು ಬಂದೆವು. ಕೊನೆಗೆ "ನಮ್ಮದು ತಪ್ಪಾಯ್ತು ಮಗಾ" ಎಂದೆ. ಅವಳು, "ಯುವರ್ ವಾಯ್ಸ್ ಈಸ್ ಆಲ್ಸೋ ದೇರ್, ಅಮ್ಮ" ಎಂದಳು. ವಿಡಿಯೋದಲ್ಲಿ ನನ್ನ ದನಿ ಕೇಳಿಸುತ್ತದಂತೆ. ಶಾಲೆಯಲ್ಲಿ ಆ ಸಾಲನ್ನೂ ನಕಲು ಮಾಡುತ್ತಾರಂತೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ, ಅಣ್ಣ. ಅವಳೇ ನನ್ನ ಬೆನ್ನು ಸವರಿದಳು.

ನನಗೆ ಹನ್ನೊಂದು ವರ್ಷ ಆಗಿದ್ದಾಗಿನದು ನಿನಗೆ ನೆನಪುಂಟಾ? ಮಾವನ ಮಗ ಮತ್ತು ನಾನು ಒಂದೇ ಸೈಕಲ್ಲಿನಲ್ಲಿ ಕಡಲ ದಂಡೆಯವರೆಗೆ ಹೋಗುತ್ತಿದ್ದೆವು. ಗಾಳಿ, ಉಪ್ಪು, ಅವನ ಹಳದಿ ಅಂಗಿ, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಮದುವೆಮನೆಯಲ್ಲಿ ಚಿಕ್ಕಮ್ಮಂದಿರೆಲ್ಲ ಸೇರಿ ನಮ್ಮಿಬ್ಬರನ್ನು ಹಸೆಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ನಕ್ಕರು. ಮರುದಿನದಿಂದ ನಾನು ಸೈಕಲ್ ಹತ್ತಲಿಲ್ಲ. ಈಗ ಅವನು ಮಸ್ಕತ್ತಿನಲ್ಲಿದ್ದಾನೆ, ಸಿಕ್ಕರೆ "ಊಟ ಆಯ್ತಾ?" ಎಂದು ಕೇಳುತ್ತೇವೆ, ಅಷ್ಟೇ. ನನ್ನ ಒಬ್ಬ ಗೆಳೆಯ ಹಾಗೆ ಹೋದ. ಅದನ್ನೇ ನಾನು ನನ್ನ ಮಗಳಿಗೂ ಮಾಡಿದೆನಲ್ಲ!

ಈಗ ಕೆಲಸದ ಮಾತು. ಸುಮಿತನ ಜೊತೆ ಆಡುತ್ತೀಯಾ ಎಂದು ಕೇಳಿದೆ. "ನಾಫಿಯಾ ನನಗಾಗಿ ಪ್ಯಾಡಲ್ ಕಲಿತಳು ಅಮ್ಮ. ಈಗ ಅವಳನ್ನು ಬಿಡಲಾ?" ಎಂದಳು. ಸರಿಯಾದ ಮಾತು. ಹತ್ತನೇ ತಾರೀಕಿನೊಳಗೆ ಸುಮಿತ್ ಬೇರೆ ಜೋಡಿ ಹುಡುಕಿಕೊಳ್ಳಲಿ. ನೀನು ಅವಳಿಗೆ ಏನೂ ಹೇಳುವುದು ಬೇಡ. "ಮಾಮ ಎಲ್ಲರೆದುರು ಸಾರಿ ಹೇಳಿದರೆ ನಾನು ಸತ್ತೇ ಹೋಗ್ತೇನೆ" ಎಂದಿದ್ದಾಳೆ. ಬಂದು ಸುಮ್ಮನೆ ಆಟ ನೋಡು, ನಿನ್ನಿಂದ ಆಗುವುದಾದರೆ.

ಶಮ್ಮು


ಅಬುಧಾಬಿ
26 ಜನವರಿ 2025

ಪ್ರೀತಿಯ ಶಮ್ಮು,

ನಿನ್ನೆ ನೀನು ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಿದ್ದೆ, ಒಂದು ಮಾತಾಡಲು ಸಿಗಲಿಲ್ಲ. ಹಾಗಾಗಿ ಮತ್ತೆ ಕಾಗದ.

ನಾನು ನೋಡಿದ್ದು ನಿಜವಾಗಿ ನಡೆದದ್ದೋ, ನನ್ನ ಮಧ್ಯಾಹ್ನದ ನಿದ್ದೆಯಲ್ಲಿ ಕಂಡದ್ದೋ ಎಂದು ಇನ್ನೂ ಅನಿಸುತ್ತದೆ. ಅಷ್ಟು ಮಕ್ಕಳು, ನಾಲ್ಕು ಗಾಜಿನ ಮನೆ, ನೀಲಿಯ ಮೇಲೆ ಹಾರುವ ಹಳದಿ ಚೆಂಡುಗಳು. ಗಾಜಿಗೆ ಹಣೆ ಒತ್ತಿ ನಿಂತಿದ್ದೆ. ನಮ್ಮ ಕಟ್ಟಡದ ಯಾಕೂಬನನ್ನು ಸುಮಿತ್ ಜೋಡಿ ಮಾಡಿಕೊಂಡಿದ್ದನಲ್ಲ, ಹನ್ನೊಂದರ ಪೋರ, ರಾಕೆಟ್ಟಿಗಿಂತ ಸ್ವಲ್ಪ ಎತ್ತರ. ಅವನನ್ನು ಇಟ್ಟುಕೊಂಡು ಸುಮಿತ್ ಸೆಮಿಫೈನಲ್ ತಲುಪಿದ! ಅಲ್ಲಿ ಎದುರಿಗೆ ಅಕ್ಷಿತಾ, ನಾಫಿಯಾ.

ನಾನು ಪ್ಯಾಡಲ್ ಕಲಿತದ್ದೇ ನಿನ್ನೆ. ದಾಟಿ ಹೋದ ಚೆಂಡು ಕೈತಪ್ಪಿತು ಎಂದುಕೊಳ್ಳುತ್ತಿದ್ದೆ. ಇಲ್ಲ, ಬಿಟ್ಟುಬಿಡುತ್ತಾರೆ. ಅದು ಹಿಂದಿನ ಗಾಜಿಗೆ ಬಡಿದು ಮೆತ್ತಗೆ ಮುಂದೆ ಬರುತ್ತದೆ, ಆಗ ಹೊಡೆಯುತ್ತಾರೆ. ಅಕ್ಷಿತಾ ಎಷ್ಟು ತಾಳ್ಮೆಯಿಂದ ಬಿಡುತ್ತಿದ್ದಳು ಎಂದರೆ ನನಗೇ ಉಸಿರು ಕಟ್ಟುತ್ತಿತ್ತು. ಒಮ್ಮೆ ಅವಳು ಹಾಗೆ ಬಿಟ್ಟು, ತಿರುಗಿ, ಯಾಕೂಬನ ತಲೆಯ ಮೇಲಿಂದ ಎತ್ತಿ ಹೊಡೆದಾಗ ಸುಮಿತ್ ಓಡುವುದು ಬಿಟ್ಟು ನಕ್ಕುಬಿಟ್ಟ. ಅವಳೂ ನಕ್ಕಳು. ಹೆಚ್ಚುಕಡಿಮೆ ಮೂರು ತಿಂಗಳಲ್ಲಿ ನನ್ನ ಮಗ ನಕ್ಕದ್ದು ಅದೇ ಮೊದಲು. ಆರು–ನಾಲ್ಕು, ಅಕ್ಷಿತಾ ಗೆದ್ದಳು. ಬಲೆಯ ಹತ್ತಿರ ಬಂದು ಇಬ್ಬರೂ ರಾಕೆಟ್ಟಿಗೆ ರಾಕೆಟ್ ತಾಗಿಸಿದರು.

ಅಷ್ಟರಲ್ಲಿ ಶಾಮಸುಂದರ್ ಮೈಕ್ ಹಿಡಿದು, "ನೋಡ್ರೀ ಎಲ್ಲರೂ, ಎದುರಾಳಿಗಳಾದ್ರೂ ಇವರದ್ದು ಹುಟ್ಟಿದಾಗಲೇ ನಿಶ್ಚಯವಾದ..." ಎಂದು ಶುರು ಮಾಡಿದರು. ಪಾಪ, ನನ್ನಿಂದಲೇ ಕಲಿತದ್ದು. ಮಕ್ಕಳಿಬ್ಬರ ಮುಖ ಗಾಜಿನೊಳಗೆ ಒಟ್ಟಿಗೇ ಕಲ್ಲಾಯಿತು. ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ಮೈಕ್ ನನ್ನ ಕೈಯಲ್ಲಿತ್ತು. ಇನ್ನೂರು ಜನ ನಗಲು ತಯಾರಾಗಿ ನನ್ನನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಸುಮ್ಮನಿದ್ದವನಲ್ಲ, ನಿನಗೆ ಗೊತ್ತು. ಕ್ಷಮೆ ಕೇಳುವಂತಿಲ್ಲ, ತಮಾಷೆ ಮಾಡುವಂತಿಲ್ಲ. "ಕೋರ್ಟ್ ಎರಡು! ಹನ್ನೆರಡರ ಒಳಗಿನವರು! ಯಲ್ಲಾ, ತಕ್ಷಣ ಬನ್ನಿ!" ಎಂದು ಕೂಗಿಬಿಟ್ಟೆ.

ಬಸ್ಸಿನಲ್ಲಿ ಸುಮಿತ್ ಹಿಂದಿನ ಸೀಟು ಬಿಟ್ಟು ಬಂದು ನನ್ನ ಪಕ್ಕ ಕೂತ. ಘಂತೂತ್ ದಾಟುವಷ್ಟರಲ್ಲಿ ನನ್ನ ಭುಜಕ್ಕೆ ಒರಗಿ ಮಲಗಿದ. ನನಗೆ ಅಷ್ಟು ಸಾಕು. ಅಕ್ಷಿತಾಳ ಮನಸ್ಸಿನಲ್ಲಿ ಏನಿದೆಯೋ, ಅದನ್ನು ನೀನೇ ಬರೆಯಬೇಕು.

ಅಣ್ಣ


ದುಬೈ
27 ಜನವರಿ 2025

ಪ್ರೀತಿಯ ಅಣ್ಣ,

ಕೋರ್ಟ್ ಎರಡರಲ್ಲಿ ಆಗ ಯಾವ ಆಟವೂ ಇರಲಿಲ್ಲ ಮಹಾರಾಯ! ಹನ್ನೆರಡರ ಒಳಗಿನವರ ಫೈನಲ್ ಅರ್ಧ ಗಂಟೆ ಮೊದಲೇ ಮುಗಿದಿತ್ತು. ನೀನು ಕೂಗಿದ ಕೂಗಿಗೆ ಆರು ಮಕ್ಕಳು ಕೈಯಲ್ಲಿದ್ದ ಬನ್ಸ್ ಬಿಟ್ಟು ಓಡಿಬಂದರು. ಅವರನ್ನು ವಾಪಸ್ ಕಳಿಸಲು ಮನಸ್ಸಾಗದೆ ಇಲ್ಲದ ಆಟವೊಂದನ್ನು ಆಡಿಸಿ, ಇಲ್ಲದ ಬಹುಮಾನಕ್ಕೆ ನನ್ನ ಕೈಚೀಲದ ಚಾಕೊಲೇಟ್ ಕೊಟ್ಟೆ. ಶಾಮಸುಂದರ್ ಇನ್ನೂ ವೇಳಾಪಟ್ಟಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾರೆ. ನಾನು ಮಾತ್ರ ಸೀಟಿ ಬಾಯಲ್ಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಷ್ಟು ಜನರೆದುರು ಮೈಕ್ ಹಿಡಿದೂ ನೀನು ಹೇಳಬೇಕೆಂದದ್ದನ್ನು ನುಂಗಿಕೊಂಡೆಯಲ್ಲ, ನನ್ನಿಂದ ಆಗುತ್ತಿರಲಿಲ್ಲ.

ಅಕ್ಷಿತಾ, ನಾಫಿಯಾ ಫೈನಲಿನಲ್ಲಿ ಸೋತದ್ದು ನೋಡಿದೆಯಲ್ಲ. ನಿಮ್ಮ ಬಸ್ಸಿಗೆ ಮಕ್ಕಳು ಹತ್ತುತ್ತಿದ್ದಾಗ ಅಕ್ಷಿತಾ, ಸುಮಿತ್ ಇಬ್ಬರೂ ಗೋದಾಮಿನ ಗೋಡೆಗೊರಗಿ ನೆಲದ ಮೇಲೆ ಕೂತು ಮಾತಾಡುತ್ತಿದ್ದರು. ಸಂಜೆಯ ಬಿಸಿಲು ಅವರ ಬೂಟುಗಳವರೆಗೆ ಬಂದಿತ್ತು. ಏನು ಮಾತಾಡಿದರೋ! ಕೇಳಲು ನಾಲಿಗೆ ತುರಿಸಿತು, ಕಚ್ಚಿಕೊಂಡು ಕಾರಿನಲ್ಲೇ ಕೂತೆ. ಅದಕ್ಕೂ ಮೊದಲು ಸುಮಿತನನ್ನು ಒಂದು ಬದಿಗೆ ಕರೆದು, "ನಿನ್ನನ್ನು ತಪ್ಪು ತಿಳಿದೆ ಮಗಾ" ಎಂದಿದ್ದೆ. "ಇಟ್ಸ್ ಓಕೆ, ಅತ್ತೆ" ಎಂದು ತಲೆ ತಗ್ಗಿಸಿದ. ಅವನು ಅಷ್ಟು ಸುಲಭವಾಗಿ ಕ್ಷಮಿಸಿದ್ದೇ ನನಗೆ ಹೆಚ್ಚು ಚುಚ್ಚಿತು.

ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಷಿತಾ ಕಿಟಕಿ ನೋಡುತ್ತಿದ್ದಳು. ಲಿಫ್ಟಿನಲ್ಲಿ ಬಂತು ಮಾತು. "ಅಮ್ಮ, ಶುಕ್ರವಾರ ಶಾಲೆ ಬೇಗ ಬಿಡುತ್ತದೆ. ಐದು ಗಂಟೆಗೆ ಅಬುಧಾಬಿಯಲ್ಲಿ ಕೋರ್ಟ್ ಬುಕ್ ಮಾಡಿದ್ದೇವೆ. ಮಿ ಆಂಡ್ ಸುಮಿತ್."

"ಹೂಂ" ಎಂದೆ. ಅಷ್ಟೇ ಎಂದೆ, ದೇವರಾಣೆ.

"ಎದುರಿಗೆ ಯಾರು ಅಂತ ಕೇಳಲ್ವಾ?"

"ಯಾರು?"

"ಯೂ ಆಂಡ್ ಮಾಮ."

ನನ್ನ ಹತ್ತಿರ ಆಟದ ಬೂಟೂ ಇಲ್ಲ, ನಿನ್ನ ಹೊಟ್ಟೆ ಬಲೆಯವರೆಗೆ ಬರುತ್ತದೆ. ಸೋಲುವುದು ಖಂಡಿತ. ಮಕ್ಕಳು ಅದನ್ನೇ ಕಾಯುತ್ತಿದ್ದಾರೆ, ಎರಡು ದಿನದಿಂದ ಫೋನಿನಲ್ಲಿ ಕಿಸಿಕಿಸಿ ನಗು. ನೀನು ಎಡಗಡೆ ನಿಲ್ಲು, ನಾನು ಬಲಗಡೆ. ಗುರುವಾರ ರಾತ್ರಿ ಕುಚ್ಚಲಕ್ಕಿ ನೆನೆಹಾಕಿ ಪುಂಡಿ ಮಾಡಿ ತರುತ್ತೇನೆ ಎಂದು ರಾಜೀವಿ ಅತ್ತಿಗೆಗೆ ಹೇಳು.

ಒಂದು ಷರತ್ತು ಮಾತ್ರ ಇದೆ, ಅಕ್ಷಿತಾ ಹಾಕಿದ್ದು. ನಾನು ಇಬ್ಬರ ಪರವಾಗಿಯೂ ಒಪ್ಪಿಕೊಂಡು ಬಂದಿದ್ದೇನೆ: ಕೋರ್ಟಿನೊಳಗೆ ತಮಾಷೆ ಮಾಡುವ ಹಕ್ಕು ಮಕ್ಕಳಿಗೆ ಮಾತ್ರ.

ನಿನ್ನ
ಶಮ್ಮು